ಕಣ್ಣು ಒಪ್ಪಿಕೊಂಡ ಪ್ಲಾಸ್ಟಿಕ್

ಕಣ್ಣಿಗೆ ಧೂಳಿನ ಕಣ ಬಿದ್ದರೂ ಸಾಕು, ಕೆಂಪಾಗಿ ನೀರು ಸುರಿಸುತ್ತದೆ. ಹೊರಗಿನ ವಸ್ತುವನ್ನು ಸಹಿಸದಿರುವುದು ದೇಹದ ಗುಣ. ಹಾಗಿದ್ದೂ ಇಂದು ಕೋಟ್ಯಂತರ ಜನರ ಕಣ್ಣೊಳಗೆ ಪ್ಲಾಸ್ಟಿಕ್ ಮಸೂರ ತಣ್ಣಗೆ ಕುಳಿತಿದೆ. ಇದರ ಕಥೆ ಆರಂಭವಾಗುವುದು ಯುದ್ಧವಿಮಾನದಲ್ಲಿ.

1940ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪೈಲಟ್ ಗಾರ್ಡನ್ ಕ್ಲೀವರ್ ಅವರ ಹರಿಕೇನ್ ವಿಮಾನಕ್ಕೆ ಶತ್ರುಗಳ ಗುಂಡು ತಗುಲಿತು. ಮೇಲ್ಹೊದಿಕೆ ಸಿಡಿದು ಅದರ ಚೂರುಗಳು ಕಣ್ಣುಗಳಿಗೆ ನುಗ್ಗಿದವು. ಆ ಹೊದಿಕೆ ಗಾಜಿನದಲ್ಲ, ಪರ್ಸ್ಪೆಕ್ಸ್ ಎಂಬ ಪಾರದರ್ಶಕ ಪಾಲಿಮರಿನದು. ಇಂಥ ಪೈಲಟ್‌ಗಳನ್ನು ಪರೀಕ್ಷಿಸಿದ ಲಂಡನ್ನಿನ ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಒಂದು ವಿಶೇಷವನ್ನು ಗಮನಿಸಿದರು. ಚೂರುಗಳು ಒಳಗೇ ಉಳಿದರೂ ಕಣ್ಣು ಅವುಗಳ ವಿರುದ್ಧ ಅಷ್ಟಾಗಿ ಕೆರಳಿರಲಿಲ್ಲ. ಚೂಪಾದ ಅಂಚು ಕಣ್ಣಿನ ಚಲಿಸುವ ಸೂಕ್ಷ್ಮ ಭಾಗಕ್ಕೆ ತಾಗಿದಾಗ ಮಾತ್ರ ತೊಂದರೆ.

ಆಗ ಪೊರೆ ತೆಗೆಸಿಕೊಂಡವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ರಿಡ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣಿಗೆ ಅಳವಡಿಸಿದರು. ಹಿರಿಯ ವೈದ್ಯರು ಇದನ್ನು ತೀವ್ರವಾಗಿ ವಿರೋಧಿಸಿದರು. ಅವರ ಆತಂಕ ಪೂರ್ತಿ ನಿರಾಧಾರವೇನೂ ಆಗಿರಲಿಲ್ಲ. ರಿಡ್ಲಿ ಮಸೂರ ಭಾರವಾಗಿತ್ತು, ಕೆಲವರಲ್ಲಿ ಜಾರಿತು. ಮುಂದೆ 1970ರ ದಶಕದಲ್ಲಿ, ಅಂಚು ಸರಿಯಾಗಿ ನಯಗೊಳಿಸದ ಕೆಲವು ಮಸೂರಗಳು ಕಣ್ಣಪಾಪೆಯ ಸುತ್ತಲಿನ ಪಟಲವನ್ನು ಉಜ್ಜಿ ಉರಿಯೂತ, ರಕ್ತಸ್ರಾವ ಉಂಟುಮಾಡಿದವು.

ಪ್ಲಾಸ್ಟಿಕ್ ಅದೇ, ಪರಿಣಾಮ ಮಾತ್ರ ಬೇರೆ. ಕಾರಣ ಸರಳ. ದೇಹದ ರಕ್ಷಣಾ ವ್ಯವಸ್ಥೆ ವಸ್ತು ಯಾವುದೆಂದು ಮಾತ್ರ ನೋಡುವುದಿಲ್ಲ. ಉಜ್ಜಾಟದಿಂದ ಗಾಯಗೊಂಡ ಜೀವಕೋಶಗಳು ರಾಸಾಯನಿಕ ಸಂದೇಶ ಕಳುಹಿಸಿ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಹೀಗಾಗಿ ಅಂಚು, ಮೇಲ್ಮೈಯ ನಯ, ಅಲುಗಾಟ ಇವೆಲ್ಲವೂ ಮುಖ್ಯವಾಗುತ್ತವೆ. ಗಾತ್ರವೂ ಅಷ್ಟೆ. ಚರ್ಮದಡಿ ಮತ್ತು ಹೊಟ್ಟೆಯೊಳಗೆ ಇರಿಸುವ ಸಾಧನಗಳಿಗಾಗಿ ಅಮೆರಿಕದ ಎಂಐಟಿ ವಿಜ್ಞಾನಿಗಳು ಪ್ರಾಣಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 0.5 ಮಿಲಿಮೀಟರ್ ಗುಂಡುಗಳಿಗಿಂತ 1.5 ಮಿಲಿಮೀಟರ್ ಗುಂಡುಗಳ ಸುತ್ತ ನಾರಿನಂಥ ಅಂಗಾಂಶ ಕಡಿಮೆ ಬೆಳೆಯಿತು.

ತಯಾರಿಕೆ ಸುಧಾರಿಸಿದಂತೆ ವಿರೋಧವೂ ಕರಗಿತು. 1981ರಲ್ಲಿ ಅಮೆರಿಕ ಸರ್ಕಾರ ಕಣ್ಣೊಳಗಿನ ಮಸೂರಕ್ಕೆ ಅನುಮತಿ ನೀಡಿತು. 1992ರಲ್ಲಿ ಮದುರೆಯಲ್ಲಿ ಆರಂಭವಾದ ಅರೋಲ್ಯಾಬ್ ಇದನ್ನು ಅಗ್ಗದಲ್ಲಿ ತಯಾರಿಸಿ ಬಡವರಿಗೂ ಎಟಕುವಂತೆ ಮಾಡಿತು. ಇಳಿವಯಸ್ಸಿನಲ್ಲಿ ರಿಡ್ಲಿ ಅವರ ಎರಡೂ ಕಣ್ಣುಗಳಿಗೆ ಇಂಥದೇ ಮಸೂರ ಹಾಕಲಾಯಿತು. 2000ದಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಮರುವರ್ಷ ತಮ್ಮ 94ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅಷ್ಟರಲ್ಲಿ ಅವರ ಮಸೂರ ಹಳ್ಳಿಯ ನೇತ್ರ ಶಿಬಿರಗಳಿಗೂ ತಲುಪಿತ್ತು.