ಕಂಪ್ಯುಟೇಷನಲ್ ಡಿಸೈನ್ ಕಲಿಕೆ: ಪಶ್ಚಿಮ ಬೆಂಗಳೂರು

ಕಟ್ಟಡದ ಗೆರೆಗಳನ್ನು ಒಂದೊಂದಾಗಿ ಎಳೆಯುವ ಬದಲು ಅವು ಹುಟ್ಟುವ ನಿಯಮವನ್ನೇ ಬರೆದಿಟ್ಟು, ಅಳತೆ ಬದಲಾದಂತೆ ನಕ್ಷೆಯೂ ಬದಲಾಗುವಂತೆ ಮಾಡುವ ವಿದ್ಯೆ ಕಂಪ್ಯುಟೇಷನಲ್ ಡಿಸೈನ್. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದೇ ಇದು ಎಂದುಕೊಂಡವರು ಈಗಲೂ ಇದ್ದಾರೆ. ಅದು ಬೇರೆ, ಇದು ಬೇರೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ 30×40 ಸೈಟುಗಳಲ್ಲಿ ಮನೆ ಕಟ್ಟಿದವರಿಗೆ ನಿಯಮದಿಂದ ಅಳತೆ ಹುಟ್ಟಿಸುವುದು ಹೊಸತೇನಲ್ಲ. ವಾಸ್ತುವಿನಲ್ಲಿ ಮನೆಯ ಅಳತೆಯ ಶುಭಾಶುಭ ನೋಡುವ ಆಯದ ಲೆಕ್ಕ ಅಂಥದ್ದೇ. ಮನೆಯ ಉದ್ದ ಅಗಲಗಳನ್ನು ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸಿ ಶೇಷ ನೋಡಬೇಕು. 24×35 ಅಡಿಗೆ ಶೇಷ ಸೊನ್ನೆ, ಅಂದರೆ ಕಾಕಾಯ, ಯಾರಿಗೂ ಬೇಡ. ಅಗಲದಲ್ಲಿ ಒಂದಡಿ ಕಳೆದರೆ 23×35, ಶೇಷ 5, ವೃಷಭಾಯ; ಮನೆಯವರು ನಿರಾಳ. (8ರ ಲೆಕ್ಕದಲ್ಲಿ 9ರಿಂದ ಗುಣಿಸಿದರೂ ಬಿಟ್ಟರೂ ಶೇಷ ಒಂದೇ, ಆದರೂ ಯಾರೂ ಬಿಡುವುದಿಲ್ಲ.) ಶುಭಾಶುಭ ಒತ್ತಟ್ಟಿಗಿರಲಿ, ಒಂದು ಸಂಖ್ಯೆ ಕದಲಿದರೆ ಗೋಡೆಯೂ ಕದಲುವ ಈ ಕ್ರಮವನ್ನೇ ಇಂದಿನ ವಿದ್ಯಾರ್ಥಿ ಪ್ಯಾರಾಮೆಟ್ರಿಕ್ ಎನ್ನುತ್ತಾನೆ.

ಯಂತ್ರದ ಕಥೆ ಹೊರಗಿನದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಪರದೆಯ ಮೇಲೆ ನಕ್ಷೆ ಬಿಡಿಸುವ ಸ್ಕೆಚ್‌ಪ್ಯಾಡ್ ರೂಪಿಸಿದರು. ಮರುವರ್ಷ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ತಮ್ಮ ಪುಸ್ತಕದಲ್ಲಿ ಭಾರತದ ಒಂದು ಹಳ್ಳಿಯ 141 ಅಗತ್ಯಗಳನ್ನು ಗಣಿತದಿಂದ ಗುಂಪು ಮಾಡಿ ತೋರಿಸಿದರು. 1982ರಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್ ಬಂತು, 2007ರಲ್ಲಿ ನಿಯಮದಿಂದ ಆಕಾರ ಹುಟ್ಟಿಸುವ ಗ್ರಾಸ್‌ಹಾಪರ್.

ಪಶ್ಚಿಮ ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಕಲಿಸುವ ಹಳೆಯ ನೆಲೆ ಜ್ಞಾನಭಾರತಿ ಆವರಣದಲ್ಲಿರುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನ (ಯುವಿಸಿಇ) ವಿಭಾಗ. ಮೂಲ ಕಾಲೇಜು 1917ರದು. 1992ರಲ್ಲಿ ಆರಂಭವಾದ ಆರ್.ವಿ. ವಾಸ್ತುಶಿಲ್ಪ ಕಾಲೇಜು ಈಗ ಬನಶಂಕರಿಯಿಂದ ಕೆಂಗೇರಿಗೆ ಹೋಗುವ ಲಿಂಕ್ ರಸ್ತೆಯ ಕಡೆ ಇದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಕ್ರೈಸ್ಟ್ ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಐದು ವರ್ಷದ ಬಿ.ಆರ್ಕ್. ಓದಿನಲ್ಲಿ ಕಂಪ್ಯೂಟರ್ ಮೊದಲು ಹೊಕ್ಕದ್ದು ಡ್ರಾಯಿಂಗ್ ಬೋರ್ಡಿನ ಬದಲಿಯಾಗಿ. ನಿಯಮ ಬರೆಯುವ ಪಾಠ ಬಂದದ್ದು ಆಮೇಲೆ.

ಆ ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆ ಗದಗ ಜಿಲ್ಲೆಯ ಡಂಬಳದಲ್ಲಿದೆ. ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸಕ್ಕೆ 24 ಮೂಲೆ. ಒಂದು ಚೌಕ ಬರೆದು, ಅದೇ ನಡುಬಿಂದುವಿನ ಮೇಲೆ 15 ಡಿಗ್ರಿಯಂತೆ ಐದು ಸಲ ತಿರುಗಿಸಿ. ಆರು ಚೌಕ, ನಾಲ್ಕು ನಾಲ್ಕು ಮೂಲೆ, ನಕ್ಷತ್ರ ಸಿದ್ಧ. ಗ್ರಾಸ್‌ಹಾಪರ್‌ನಲ್ಲಿ ಇದು ಐದು ನಿಮಿಷದ ಕೆಲಸ, ಶಿಲ್ಪಿಗೆ ಹಗ್ಗ ಮತ್ತು ಗೂಟದ ಕೆಲಸ. ದೇಗುಲಗಳ ರೂಪವನ್ನು ಫ್ರ್ಯಾಕ್ಟಲ್ ಗಣಿತದ ಕಣ್ಣಿಂದ ನೋಡುವ, ವಿನ್ಯಾಸಕ ಕೀರ್ತಿ ತ್ರಿವೇದಿಯವರ ಪ್ರಬಂಧ ಪ್ರಕಟವಾದದ್ದು 1989ರಲ್ಲಿ.

ನಿಯಮ ಈಗ ಪಾಲಿಕೆಯ ಕಡೆಯಿಂದಲೂ ಬಂದಿದೆ. 2024ರಲ್ಲಿ ಆಗಿನ ಬಿಬಿಎಂಪಿ ತಂದ ‘ನಂಬಿಕೆ ನಕ್ಷೆ’ಯಡಿ 50×80ರವರೆಗಿನ ಸೈಟುಗಳ ಮನೆ ನಕ್ಷೆಯನ್ನು ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ತಾತ್ಕಾಲಿಕ ಅನುಮತಿ ಸಿಗುತ್ತದೆ. ಸೆಟ್‌ಬ್ಯಾಕಿಗೆ, ಎತ್ತರಕ್ಕೆ ಅಲ್ಲಿ ಲೆಕ್ಕವಿದೆ. ಆಯಕ್ಕೆ ಕಾಲಂ ಇಲ್ಲ. ಅದನ್ನು ಮನೆಯವರು ಅಪ್‌ಲೋಡಿಗೆ ಮೊದಲೇ ನೋಡಿಸಿಕೊಂಡಿರುತ್ತಾರೆ.