ಆಲಿವ್ ತಳಿಗಳು: ಹಣ್ಣಿಗೆ ಯಾವುದು, ಎಣ್ಣೆಗೆ ಯಾವುದು?

ಆಲಿವ್ ಒಂದೇ ಪ್ರಭೇದದ ಮರವಾದರೂ ಅದರಲ್ಲಿ ನೂರಾರು ತಳಿಗಳಿವೆ. ದೊಡ್ಡ ಹಣ್ಣು ಕೊಡುವ ತಳಿ ಒಳ್ಳೆಯ ಎಣ್ಣೆಯನ್ನೂ ಕೊಡುತ್ತದೆ ಎನ್ನುವಂತಿಲ್ಲ. ಅನೇಕ ವೇಳೆ ನಡೆಯುವುದು ಇದಕ್ಕೆ ತದ್ವಿರುದ್ಧ.

ತಿನ್ನುವ ತಳಿಗಳು

ಒಲ್ಯುರೋಪಿನ್ ಎಂಬ ಅಂಶದಿಂದಾಗಿ ಹಸಿ ಆಲಿವ್ ವಿಪರೀತ ಕಹಿ. ಉಪ್ಪುನೀರಿನಲ್ಲಿ ಅಥವಾ ಕ್ಷಾರದ್ರಾವಣದಲ್ಲಿ ನೆನೆಸಿ ಕಹಿ ತೆಗೆದ ಮೇಲೆಯೇ ಅದನ್ನು ತಿನ್ನುತ್ತಾರೆ. ಇದಕ್ಕೆ ದಪ್ಪ ತಿರುಳಿನ ಹಣ್ಣು ಬೇಕು. ಸ್ಪೇನಿನ ಸೆವಿಲ್ಲಾ ಪ್ರಾಂತ್ಯದ ಗೋರ್ಡಾಲ್ ಹಣ್ಣು 10 ಗ್ರಾಂ ದಾಟುವುದುಂಟು. ಆದರೆ ಅದರಲ್ಲಿ ಎಣ್ಣೆ ಕಡಿಮೆ. ಬಾದಾಮಿಯಾಕಾರದ, ಕಡುನೇರಳೆ ಬಣ್ಣದ ಕಲಮಾಟಾ ಗ್ರೀಸಿನ ಹೆಸರಾಂತ ತಿನ್ನುವ ತಳಿ.

ಎಣ್ಣೆಯ ತಳಿಗಳು

ಗ್ರೀಸಿನದೇ ಕೊರೊನೈಕಿ ಹಣ್ಣು ಸುಮಾರು 1 ಗ್ರಾಂ ತೂಗುತ್ತದೆ, ಅಷ್ಟೆ. ಆದರೂ ಆ ದೇಶದ ಪ್ರಮುಖ ಎಣ್ಣೆ ತಳಿ ಅದೇ.

ಸ್ಪೇನಿನ ಹಾಯೆನ್ ಪ್ರಾಂತ್ಯದ ತೋಟಗಳನ್ನು ಪಿಕ್ವಾಲ್ ಆಳುತ್ತದೆ. ಇದರ ಎಣ್ಣೆಯಲ್ಲಿ ಓಲಿಕ್ ಆಮ್ಲವೂ ಪಾಲಿಫಿನಾಲ್‌ಗಳೂ ಹೆಚ್ಚಾಗಿರುವುದರಿಂದ ಬೇಗ ಕಮಟುವುದಿಲ್ಲ. ಕ್ಯಾಟಲೋನಿಯಾದ ಅರ್ಬೆಕಿನಾ ಇದಕ್ಕಿಂತ ಸೌಮ್ಯ: ಹಣ್ಣಿನ ಪರಿಮಳ, ನವಿರಾದ ರುಚಿ. ಆದರೆ ಪಾಲಿಫಿನಾಲ್ ಕಡಿಮೆ, ಬಾಳಿಕೆಯೂ ಕಡಿಮೆ. ಮರ ಗಿಡ್ಡವಾಗಿರುವುದರಿಂದ ಬೇಲಿಯಂತೆ ಒತ್ತಾಗಿ ನೆಟ್ಟು ಯಂತ್ರದಿಂದ ಕೊಯ್ಯಲು ಇದು ಅನುಕೂಲ. ಇಟಲಿಯ ಪುಲಿಯಾದ ಕೊರಾಟಿನಾ ಕಹಿ, ಖಾರ ಎರಡರಲ್ಲೂ ಮುಂದು.

ಕಹಿ ದೋಷವಲ್ಲ

ತಾಜಾ ಎಣ್ಣೆ ನುಂಗುವಾಗ ಗಂಟಲು ಚುರುಗುಟ್ಟುವುದು ಓಲಿಯೊಕ್ಯಾಂಥಲ್ ಎಂಬ ಪಾಲಿಫಿನಾಲಿನಿಂದ. ಎಣ್ಣೆಯನ್ನು ಗಾಳಿಯ ಆಮ್ಲಜನಕದಿಂದ ಕಾಪಾಡುವುದೂ ಈ ಬಗೆಯ ಸಂಯುಕ್ತಗಳೇ. ಹೀಗಾಗಿ ರುಚಿ ಪರಿಣತರು ಕಹಿ ಮತ್ತು ಖಾರವನ್ನು ಒಳ್ಳೆಯ ಗುಣಗಳೆಂದೇ ಎಣಿಸುತ್ತಾರೆ.

ತಳಿಯೊಂದೇ ಸಾಲದು

ಕಾಯಿ ಹಸಿರಿದ್ದಾಗ ಕೊಯ್ದರೆ ಎಣ್ಣೆಯ ಇಳುವರಿ ಕಡಿಮೆ, ಪಾಲಿಫಿನಾಲ್ ಹೆಚ್ಚು. ಪೂರ್ತಿ ಮಾಗಲು ಬಿಟ್ಟರೆ ಇದು ತಿರುವುಮುರುವು. ಕೊಯ್ದ ಹಣ್ಣನ್ನು ತಡಮಾಡದೆ ಅರೆಯಬೇಕು. ರಾಶಿ ಹಾಕಿಟ್ಟರೆ ಹುದುಗಿ, ಆಮ್ಲೀಯತೆ ಏರುತ್ತದೆ. ‘ಎಕ್ಸ್‌ಟ್ರಾ ವರ್ಜಿನ್’ ದರ್ಜೆಗೆ ಮುಕ್ತ ಆಮ್ಲೀಯತೆ ಶೇ. 0.8 ಮೀರಬಾರದು, ರುಚಿಯಲ್ಲಿ ಯಾವ ದೋಷವೂ ಇರಬಾರದು.

ಕೊಳ್ಳುವವರಿಗೆ

ನಮ್ಮ ಅಂಗಡಿಗಳಲ್ಲಿ ಸಿಗುವ ಆಲಿವ್ ಎಣ್ಣೆ ಬಹುಪಾಲು ಆಮದಿನದು. ಸಲಾಡಿಗೆ ಸೌಮ್ಯ ರುಚಿ ಬೇಕಿದ್ದರೆ ಅರ್ಬೆಕಿನಾ, ಅಡುಗೆಗೂ ಹೆಚ್ಚು ಕಾಲದ ಬಳಕೆಗೂ ಪಿಕ್ವಾಲ್ ಅಥವಾ ಕೊರೊನೈಕಿ ಆರಿಸಿ. ತಳಿಯ ಹೆಸರು, ಕೊಯ್ಲಿನ ವರ್ಷ ಎರಡನ್ನೂ ನಮೂದಿಸಿದ ಗಾಢಬಣ್ಣದ ಸೀಸೆಯನ್ನೇ ಕೊಳ್ಳಿ. ಒಲೆಯಿಂದ, ಬಿಸಿಲಿನಿಂದ ದೂರವಿಟ್ಟು ಬೇಗ ಬಳಸಿ ಮುಗಿಸಿ.