ನಾಣ್ಯದ ನಿಜರೂಪ ಹಿಡಿದ ಬಗೆ
ಕ್ಯಾಮೆರಾ ಬರುವ ಮುನ್ನ ಪುಸ್ತಕದಲ್ಲಿ ನಾಣ್ಯವೆಂದರೆ ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಚಿತ್ರ. 1823–25ರಲ್ಲಿ ಲಂಡನ್ನಿನಲ್ಲಿ ಹೊರಬಂದ ವಿಲಿಯಂ ಮಾರ್ಸ್‌ಡೆನ್ ಅವರ ಪೂರ್ವದೇಶಗಳ ನಾಣ್ಯಗ್ರಂಥದ ಫಲಕಗಳು ಇಂಥವೇ. ಕೊರೆಯುವವನಿಗೆ ಲಿಪಿ ಬಾರದಿದ್ದರೆ ಅಕ್ಷರ ಕೆಡುವ ಭಯ; ಸವೆದ ಮೂಗನ್ನು ಅವನು ತಾನಾಗಿಯೇ ತಿದ್ದಿ ಚೂಪು ಮಾಡಿದರೆ ಓದುಗನಿಗೆ ಗೊತ್ತಾಗುವಂತಿರಲಿಲ್ಲ.

1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ತಿಳಿದರೂ ನಾಣ್ಯದ ಮಟ್ಟಿಗೆ ತೊಡಕು ತಪ್ಪಲಿಲ್ಲ. ಅಂದಿನ ಛಾಯಾಫಲಕಗಳಿಗೆ ನೀಲಿ, ನೇರಳೆ ಬೆಳಕಷ್ಟೇ ತಾಗುತ್ತಿದ್ದುದರಿಂದ ಚಿನ್ನ, ತಾಮ್ರಗಳು ಕಪ್ಪಾಗಿ ಮೂಡುತ್ತಿದ್ದವು. ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಬಣ್ಣದ ಲೇಪದಿಂದ ಹಸಿರು, ಹಳದಿಗೂ ಫಲಕ ಸ್ಪಂದಿಸುವಂತೆ ಮಾಡಬಹುದೆಂದು ತೋರಿಸಿದರು. ಆದರೂ ಲೋಹದ ಮಿಂಚು ಉಳಿದೇ ಇತ್ತು.

ವಿದ್ವಾಂಸರು ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ನಾಣ್ಯವನ್ನು ಬಿಟ್ಟು ಅದರ ಪ್ಲಾಸ್ಟರ್ ಪಡಿಯಚ್ಚಿನ ಫೋಟೊ ತೆಗೆಯುವುದು. ಬಿಳಿಯ, ಹೊಳಪಿಲ್ಲದ ಪಡಿಯಚ್ಚಿಗೆ ಓರೆಯಾಗಿ ಬೆಳಕು ಬಿಟ್ಟರೆ ಪ್ರತಿ ಉಬ್ಬೂ ಎದ್ದು ಕಾಣುತ್ತದೆ. ಎರಡು ಮುಖಗಳನ್ನೂ ಪಕ್ಕಪಕ್ಕದಲ್ಲಿಡಬಹುದು. ಬೆಲೆಬಾಳುವ ನಾಣ್ಯ ಮಾಲೀಕನ ಪೆಟ್ಟಿಗೆಯಲ್ಲೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಇಮ್‌ಹೂಫ್-ಬ್ಲೂಮರ್ ಇಂಥ ಪಡಿಯಚ್ಚುಗಳ ಭಾರೀ ಸಂಗ್ರಹವನ್ನೇ ಕಟ್ಟಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೀಕ್ ನಾಣ್ಯಸೂಚಿಗಳ ಫಲಕಗಳಿಗೂ ಇದೇ ಆಧಾರ. ಟಂಕದ, ಅಂದರೆ ನಾಣ್ಯ ಒತ್ತುವ ಅಚ್ಚಿನ, ಅಧ್ಯಯನಕ್ಕೆ ಇಂದಿಗೂ ಇದಕ್ಕಿಂತ ಸ್ಪಷ್ಟವಾದ ಚಿತ್ರ ಅಪರೂಪ. ಲೋಹ ಮಾತ್ರ ಅದರಲ್ಲಿ ಇಲ್ಲ: ಬಣ್ಣವಿಲ್ಲ, ಕಿಲುಬಿಲ್ಲ, ಹೊಳಪಿಲ್ಲ.

ಆದರೆ ಸಂಗ್ರಾಹಕನಿಗೆ ಬೇಕಾದದ್ದು ಈ ಬಣ್ಣ, ಕಿಲುಬು, ಹೊಳಪುಗಳೇ; ಅದಕ್ಕೆ ನಾಣ್ಯದ್ದೇ ಫೋಟೊ ತೆಗೆಯಬೇಕು. 1955ರ ಮ್ಯಾಕ್ರೋ-ಕಿಲಾರ್‌ನಂಥ ಲೆನ್ಸುಗಳು ಬಂದ ಮೇಲೆ ಮನೆಯ ಮೇಜಿನ ಮೇಲೂ ಈ ಕೆಲಸ ಸಾಧ್ಯವಾಯಿತು. ಹಾಗೆಂದು ಸುಲಭವಾಗಲಿಲ್ಲ. ಮೈಸೂರಿನ ಕಂಠೀರವ ಹಣವೆಂಬ ಹಳೆಯ ನಾಣ್ಯವನ್ನೇ ನೋಡಿ: ಅಂಗಿಯ ಗುಂಡಿಗಿಂತ ಚಿಕ್ಕದು, ಅಗಲ ಸುಮಾರು 6 ಮಿ.ಮೀ. ಇದ್ದಷ್ಟೇ ಗಾತ್ರದಲ್ಲಿ ಫಿಲ್ಮಿನ ಮೇಲೆ ಮೂಡಿಸಿದರೂ ಚೌಕಟ್ಟಿನ 24 ಮಿ.ಮೀ. ಎತ್ತರದಲ್ಲಿ ಕಾಲುಭಾಗ ಮಾತ್ರ ತುಂಬುತ್ತದೆ. ಅದಕ್ಕೇ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಉದ್ದದ ಕೊಳವೆ ಸೇರಿಸಬೇಕಾಗುತ್ತಿತ್ತು. ಹಗಲಿನ ಬೆಳಕಿಗೆಂದು ಮಾಡಿದ ಫಿಲ್ಮಿನಲ್ಲಿ ಮನೆಯ ಬಲ್ಬಿನ ಕೆಳಗಿನ ಬೆಳ್ಳಿ ಹಳದಿಗೆ ತಿರುಗುತ್ತಿತ್ತು. ಕನ್ನಡಿಯಂಥ ಮೈಯ ಪ್ರೂಫ್ ನಾಣ್ಯ ಕಪ್ಪಾಗಿ ಬರುತ್ತಿತ್ತು. ಲೆನ್ಸಿನ ಕೆಳಗೆ 45 ಡಿಗ್ರಿ ಓರೆಯಲ್ಲಿ ಗಾಜು ನಿಲ್ಲಿಸಿ, ಪಕ್ಕದ ದೀಪದ ಬೆಳಕನ್ನು ಅದರಿಂದ ನೇರ ಕೆಳಕ್ಕೆ ಬೀಳಿಸಿದಾಗ ಮೈ ಬೆಳಗಿತು.

ಡಿಜಿಟಲ್ ಕ್ಯಾಮೆರಾ ಬಣ್ಣದ ಗೋಳನ್ನು ಬಹುಪಾಲು ತೀರಿಸಿತು. ಬೂದು ಕಾಗದವೊಂದನ್ನು ನೋಡಿ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಬೆಳ್ಳಿ ಬೆಳ್ಳಿಯಾಗಿಯೇ ಕಾಣುತ್ತದೆ, ತಪ್ಪಿದ್ದು ಅಲ್ಲೇ ತಿಳಿಯುತ್ತದೆ. ಅದರ ಜೊತೆಗೇ ಹಳೆಯ ಕೊರೆತಗಾರನ ಚಪಲವೂ ಮರಳಿತು: ಮಾರುವವರು ಬಣ್ಣ ಏರಿಸಿ ಗೀರು ಮರೆಸುವುದುಂಟು. ಟಂಕಸಾಲೆಯಿಂದ ಹೊಸದಾಗಿ ಬಂದ ನಾಣ್ಯವನ್ನು ವಾಲಿಸಿದಾಗ ಮೈಮೇಲೆ ಸುತ್ತುವ ಹೊಳಪಂತೂ ಒಂದು ಸ್ಥಿರಚಿತ್ರಕ್ಕೆ ಸಿಗುವುದಿಲ್ಲ. ಹಾಗಾಗಿ ಶ್ರದ್ಧೆಯುಳ್ಳ ಸಂಗ್ರಾಹಕರು ಓರೆ ಬೆಳಕಿನದೊಂದು, ನೇರ ಬೆಳಕಿನದೊಂದು ಫೋಟೊ ತೆಗೆದು, ನಾಣ್ಯ ವಾಲಿಸುವ ಕಿರು ವಿಡಿಯೊವನ್ನೂ ಸೇರಿಸುತ್ತಾರೆ.